ಹೇಳಿ ಹೋದವನ ಫಿರ್ಯಾದಿ

“ಹೆಬ್ಬೆಟ್ಟು ಮಾತ್ರ ಒತ್ತಂಗಿಲ್ರಿ ಸಾಹೇಬ್ರ. ಕುಂದರ್ರಿ, ಚಾ ಕುಡೀರಿ, ಬೇಕಾದ್ರ ಎರಡು ಬಿಸಿ ರೊಟ್ಟಿ ತಿನ್ರಿ. ಆ ಪುಸ್ತಕ ಮಾತ್ರ ಒಳಗಿಡ್ರಿ,” ಎಂದು ಮುದುಕಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

ದೇವಿಂದ್ರ ಬೀಟ್ ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡ. ಸುರಪುರದ ಕೋಟೆಗಲ್ಲಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅವನು, ರಂಗಂಪೇಟೆ ಅವನ ಬೀಟು. ಬೀಟೆಂದರೆ ಲಾಠಿ ಬೀಸಿಕೊಂಡು ಓಣಿ ಸುತ್ತುವುದು ಅಂದುಕೊಂಡರೆ ತಪ್ಪು. ಇಂತಿಂಥ ಮನೆಗೆ ಹೋಗಲೇಬೇಕೆಂದು ಪಟ್ಟಿ ಇರುತ್ತದೆ, ಒಂಟಿ ಹೆಂಗಸರ ಮನೆ, ಕೈಕಾಲು ಆಡದವರ ಮನೆ, ಹಳೇ ಜಗಳ ಇನ್ನೂ ಹೊಗೆಯಾಡುತ್ತಿರುವ ಮನೆ, ಅಲ್ಲೆಲ್ಲ ಹೋಗಿ ಹೇಗಿದ್ದೀರಿ, ಏನು ತೊಂದರೆ ಎಂದು ಕೇಳಿ, ಬಂದಿದ್ದಕ್ಕೆ ಸಾಕ್ಷಿಯಾಗಿ ಪುಸ್ತಕದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರಬೇಕು. ಪಕ್ಕದ ಓಣಿಯ ಮದೀನಾಬೀ ಅಂತೂ ಸಹಿ ಮಾಡುವ ಮೊದಲು ಗಟಾರದ ನೀರಿನ ಕಥೆಯನ್ನು ಪೂರ್ತಿ ಹೇಳಿ, ಅದು ನಗರಸಭೆಯ ಕೆಲಸ ಎಂದು ದೇವಿಂದ್ರ ಅಂದರೆ, ಹಾಗಾದರೆ ನಗರಸಭೆಯನ್ನು ಅರೆಸ್ಟ್ ಮಾಡು ಎಂದು ಹೇಳಿ ಕಳಿಸುತ್ತಿದ್ದಳು. ಇಪ್ಪತ್ತು ಮನೆಗಳಲ್ಲಿ ಹತ್ತೊಂಬತ್ತರ ಸಹಿ ತಪ್ಪದೆ ಬೀಳುತ್ತಿತ್ತು. ಮುದುಕಮ್ಮನ ಹೆಸರಿನ ಮುಂದಿನ ಜಾಗ ಮಾತ್ರ ಎಂಟು ಬುಧವಾರಗಳಿಂದ ಖಾಲಿ.

ಖಾಲಿ ಇದ್ದರೆ ಇರಲಿ, ಅವನು ಬರುತ್ತಿದ್ದುದು ಆ ಹೆಬ್ಬೆಟ್ಟಿಗಾಗಿ ಅಲ್ಲ. ಅವನಿಗೆ ಅವಳ ಹತ್ತಿರ ಒಂದು ಮಾತು ಹೇಳಬೇಕಿತ್ತು. ಎರಡು ವರ್ಷದ ಹಿಂದೆ ಅವಳ ಗಂಡ ಅಮರಪ್ಪ ಕಾಣೆಯಾದಾಗ ಠಾಣೆಯಲ್ಲಿ ಕೂತು ಅವಳ ಫಿರ್ಯಾದಿಯನ್ನು ತಪ್ಪು ಬರೆದವನು ತಾನು ಎಂದು ಹೇಳಬೇಕಿತ್ತು. ಆ ತಪ್ಪಿನಿಂದ ಅವಳು ಕಳೆದುಕೊಂಡದ್ದು ಅವಳಿಗೆ ಗೊತ್ತಿರುವುದಕ್ಕಿಂತ ದೊಡ್ಡದು ಎಂದೂ ಹೇಳಬೇಕಿತ್ತು. ಎಂಟು ವಾರ ಬಂದ, ಎಂಟು ವಾರ ಚಹಾ ಕುಡಿದ, ಎಂಟು ವಾರ ಹಾಗೇ ಎದ್ದು ಹೋದ.

ದೇವಿಂದ್ರನ ಬದುಕೆಲ್ಲ ಬರವಣಿಗೆಯಲ್ಲೇ ಕಳೆದಿತ್ತು. ಹುಣಸಗಿ ಕಡೆಯ ಹಳ್ಳಿಯವನು, ಅಪ್ಪ ಅಮಾತೆಪ್ಪ ಕಾಲುವೆಯ ನೀರು ಬಿಡುವ ಗ್ಯಾಂಗಿನಲ್ಲಿದ್ದವನು. ಪಿಯುಸಿ ಮುಗಿಸಿ ಕಾನ್‌ಸ್ಟೆಬಲ್ ಆದಾಗ ಯಾದಗಿರಿ ಇನ್ನೂ ಜಿಲ್ಲೆಯೇ ಆಗಿರಲಿಲ್ಲ, ಎಸ್ಪಿ ಸಾಹೇಬರನ್ನು ಕಾಣಬೇಕಾದರೆ ಗುಲ್ಬರ್ಗಕ್ಕೆ ಬಸ್ಸು ಹತ್ತಬೇಕಿತ್ತು. ಸೇರಿದ ಎರಡನೇ ವರ್ಷ ಅವನ ಅಕ್ಷರ ನೋಡಿದ ಅಂದಿನ ಪಿಎಸ್‌ಐ, ಈ ಮುತ್ತಿನಂಥ ಅಕ್ಷರ ಬಿಸಿಲಲ್ಲಿ ಟ್ರಾಫಿಕ್ ನಿಲ್ಲಿಸೋದಕ್ಕಲ್ಲ ಎಂದು ಅವನನ್ನು ಠಾಣಾ ರೈಟರ್‌ನ ಕುರ್ಚಿಯಲ್ಲಿ ಕೂರಿಸಿದರು. ಕೂತವನು ಮೂವತ್ತೆರಡು ವರ್ಷ ಏಳಲಿಲ್ಲ.

ರೈಟರ್ ಅಂದರೆ ಠಾಣೆಯ ಬೆನ್ನೆಲುಬು. ಪಿಎಸ್‌ಐ ಬದಲಾಗುತ್ತಾರೆ, ಜೀಪು ಬದಲಾಗುತ್ತದೆ, ರೈಟರ್ ಇರುತ್ತಾನೆ. ಯಾರಿಗೆ ಕೋರ್ಟ್ ಡ್ಯೂಟಿ, ಯಾರು ಸಮನ್ಸ್ ಕೊಡಲು ಶಹಾಪುರಕ್ಕೆ ಹೋಗಬೇಕು, ಯಾರು 112ರ ಗಾಡಿಯಲ್ಲಿ, ಯಾರು ಜಾತ್ರೆಯ ಬಂದೋಬಸ್ತಿಗೆ, ಎಲ್ಲ ಅವನ ಪುಸ್ತಕದಲ್ಲಿ. ಠಾಣೆಯಿಂದ ಸರ್ಕಲ್ ಇನ್‌ಸ್ಪೆಕ್ಟರಿಗೆ, ಅಲ್ಲಿಂದ ಡಿವೈಎಸ್ಪಿಗೆ, ಅಲ್ಲಿಂದ ಯಾದಗಿರಿಯ ಎಸ್ಪಿ ಕಚೇರಿಗೆ ಮೆಟ್ಟಿಲು ಹತ್ತಿಕೊಂಡು ಹೋಗುವ ಪ್ರತಿಯೊಂದು ಕಾಗದವೂ ಮೊದಲು ಹುಟ್ಟುವುದು ಅವನ ಮೇಜಿನ ಮೇಲೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಜನ ಅಳುತ್ತ, ಬೈಯುತ್ತ, ಹಿಂದುಮುಂದಾಗಿ ಹೇಳಿದ್ದನ್ನು ಕಾಯ್ದೆಯ ಕನ್ನಡಕ್ಕೆ ತರುವುದು. ‘ಅವ ನನಗ ಕಟಗಿಲೆ ಹೊಡದಾನ್ರಿ’ ಅಂದರೆ ‘ಸದರಿ ಆರೋಪಿತನು ಬಡಿಗೆಯಿಂದ ಹೊಡೆದು ಗುಪ್ತಗಾಯ ಪಡಿಸಿರುತ್ತಾನೆ’ ಎಂದಾಗಬೇಕು. ದೇವಿಂದ್ರ ಬರೆದ ಫಿರ್ಯಾದಿ ಕೋರ್ಟಿನಲ್ಲಿ ಅಲುಗಾಡುವುದಿಲ್ಲ ಎಂದು ವಕೀಲರೇ ಹೇಳುತ್ತಿದ್ದರು. ‘ಸದರಿ’ ಎಂಬ ಪದ ಅವನ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ ಠಾಣೆಯಲ್ಲಿ ಅವನ ಹೆಸರೇ ಸದರಿ ಸಾಹೇಬ ಎಂದಾಗಿತ್ತು. ಹೆಂಡತಿ ದುರ್ಗಾ ಊಟಕ್ಕೆ ಬಡಿಸುವಾಗ ತಪ್ಪದೆ ಕೆಣಕುತ್ತಿದ್ದಳು:

“ಸದರಿ ಸಾರಿಗೆ ಸದರಿ ಉಪ್ಪು ಸಾಕಾಗ್ಯಾದೇನ್ರಿ? ಇಲ್ಲಂದ್ರ ಪಂಚನಾಮಾ ಮಾಡಸ್ರಿ.”

ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅವನು ಪ್ರತಿಯೊಬ್ಬರ ಮಾತನ್ನೂ ಕೇಳುತ್ತಿದ್ದ, ಕೇಳದೆ ಪೆನ್ನು ಮುಂದೆ ಹೋಗುವುದಾದರೂ ಹೇಗೆ? ಆಮೇಲೆ ಕಂಪ್ಯೂಟರ್ ಬಂತು. ಕಳುವಿಗೊಂದು, ಅಪಘಾತಕ್ಕೊಂದು, ಕಾಣೆಯಾದವರಿಗೊಂದು ಹಳೆಯ ಪ್ರತಿ ಇಟ್ಟುಕೊಂಡರೆ ಸಾಕು, ಹೆಸರು, ವಯಸ್ಸು, ಬಟ್ಟೆಯ ಬಣ್ಣ ಬದಲಿಸಿದರೆ ಹತ್ತು ನಿಮಿಷದಲ್ಲಿ ಹೊಸ ಫಿರ್ಯಾದಿ ತಯಾರು. ಎಲ್ಲ ಠಾಣೆಗಳಲ್ಲೂ ಹಾಗೆ ಮಾಡುತ್ತಾರೋ ಇಲ್ಲವೋ, ದೇವಿಂದ್ರ ಮಾಡುತ್ತಿದ್ದ. ಬೇಗ ಮುಗಿಸುತ್ತಾನೆ ಎಂದು ಹೊಗಳಿಸಿಕೊಳ್ಳುತ್ತಲೂ ಇದ್ದ.

ಎರಡು ವರ್ಷದ ಹಿಂದಿನ ಆ ಬುಧವಾರವೂ ಹಾಗೇ ಆಯಿತು. ಠಾಣೆಯ ಅರ್ಧ ಮಂದಿ ಬಂದೋಬಸ್ತಿಗೆ ಹೋಗಿದ್ದರು, ಮೇಜಿನ ಮುಂದೆ ಆರು ಜನರ ಸಾಲು, ನಾಲ್ಕನೆಯವಳು ಮುದುಕಮ್ಮ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು, ಮೊಣಕೈತನಕ ಹಿಟ್ಟು ಇನ್ನೂ ಹಾಗೇ ಇತ್ತು. ಅವಳು ಹೇಳಿದ್ದು ಇಷ್ಟು. ಗಂಡ ಅಮರಪ್ಪನಿಗೂ ಅವನ ತಂಗಿ ಸಾಯಬಮ್ಮನಿಗೂ ಒಂದು ವರ್ಷದಿಂದ ಮಾತಿರಲಿಲ್ಲ. ಶಹಾಪುರಕ್ಕೆ ಕೊಟ್ಟ ಮಗಳು ಗಂಗಾ ಬಸಿರಾದಾಗ ಅವಳ ಕುಬುಸದ ದಿನ ಸೋದರತ್ತೆಯಾದ ಸಾಯಬಮ್ಮ ಮೊದಲು ಉಡಿ ತುಂಬಬೇಕಿತ್ತು, ಅವಳ ಬಸ್ಸು ತಡವಾಯಿತು, ಬೇರೆ ಯಾರೋ ತುಂಬಿಬಿಟ್ಟರು, ಸಾಯಬಮ್ಮ ಬಂದವಳು ಒಂದು ಗುಟುಕು ನೀರು ಸಹ ಕುಡಿಯದೆ ತಿರುಗಿ ಹೋದಳು. ಅಣ್ಣ ಒಂದು ವರ್ಷ ಸೆಟೆದುಕೊಂಡಿದ್ದವನು ಕೊನೆಗೆ ಸೋತು, ತಂಗಿಯ ಮನೆಗೆ ತಾನೇ ಹೋಗಿ ಕರೆದುಕೊಂಡು ಬರುತ್ತೇನೆಂದು ಸೋಮವಾರ ಹೊರಟ. ಆಕೆಗೆ ಮೊದಲೇ ತಿಳಿಸಿದರೆ ಬಾಗಿಲು ಹಾಕಿಕೊಂಡಾಳು, ಹೇಳಬೇಡ ಎಂದ. ಹುಣಸಗಿವರೆಗೆ ಬಸ್ಸು, ಅಲ್ಲಿಂದ ನಾರಾಯಣಪುರದ ಕಡೆಯ ಅವಳ ಊರಿಗೆ ಕಾಲುವೆಯ ದಂಡೆ ಹಿಡಿದು ನಡೆದು ಹೋಗುತ್ತೇನೆಂದ. ಫೋನು ಮನೆಯಲ್ಲೇ ಚಾರ್ಜಿಗೆ ಇಟ್ಟು ಮರೆತ. ಮಂಗಳವಾರ ಮುದುಕಮ್ಮ ಸಾಯಬಮ್ಮನ ಗಂಡ ಬಾಲರಾಜನಿಗೆ ಫೋನು ಮಾಡಿದರೆ, ಇಲ್ಲಿ ಯಾರೂ ಬಂದಿಲ್ಲ ಎಂದ.

ದೇವಿಂದ್ರ ಮಾನಿಟರಿನ ಹಿಂದಿನಿಂದ ಹೂಂ ಹೂಂ ಅನ್ನುತ್ತಲೇ ಹಳೆಯ ಪ್ರತಿಯಲ್ಲಿ ಹೆಸರು ಬದಲಿಸಿದ, ವಯಸ್ಸು ಬದಲಿಸಿದ, ನೀಲಿ ಅಂಗಿ, ಬಿಳಿ ಧೋತರ ಎಂದು ಹಾಕಿದ. ಬರೆದದ್ದನ್ನು ಫಿರ್ಯಾದಿದಾರರಿಗೆ ಓದಿ ಹೇಳಬೇಕೆಂಬ ನಿಯಮವಿದೆ, ಓದಿದ, ಗಡಗಡನೆ. ‘ಸದರಿ ನನ್ನ ಗಂಡನು ಮನೆಯಲ್ಲಿ ಯಾರಿಗೂ ಹೇಳದೆ ಕೇಳದೆ ಎಲ್ಲಿಗೋ ಹೋದವನು ಮರಳಿ ಬಂದಿರುವುದಿಲ್ಲ’ ಎಂಬಲ್ಲಿಗೆ ಬಂದಾಗ ಮುದುಕಮ್ಮ ತಡೆದಳು.

“ಹೇಳಿ ಹೋಗ್ಯಾನಲ್ರಿ. ನನಗ ಹೇಳಿ ಹೋಗ್ಯಾನ.”

“ಅದು ಹಂಗs ಬರಿಯೂದವ್ವಾ, ಕಾಯ್ದೆ ಭಾಷಾ. ಇಲ್ಲಿ ಒತ್ತು.”

ಅವಳು ಒತ್ತಿದಳು. ಪೊಲೀಸರಿಗಿಂತ ಹೆಚ್ಚು ತನಗೇನು ಗೊತ್ತು ಎಂದುಕೊಂಡಳು.

ಅದೊಂದು ವಾಕ್ಯ ಹೊರಟಿತು ನೋಡಿ ಠಾಣೆಯಿಂದ. ಹೇಳದೆ ಕೇಳದೆ ಮನೆ ಬಿಟ್ಟ ಗಂಡಸರು ಎಲ್ಲಿಗೆ ಹೋಗುತ್ತಾರೆ ಎಂಬುದು ಇಲಾಖೆಗೆ ಅನುಭವದಿಂದ ಗೊತ್ತು. ಯಾದಗಿರಿಗೆ ಹೋಗಿ ರೈಲು ಹತ್ತುತ್ತಾರೆ. ಆದ್ದರಿಂದ ವೈರ್‌ಲೆಸ್ ಸಂದೇಶ ಮೊದಲು ಯಾದಗಿರಿ ಸ್ಟೇಷನ್ನಿಗೆ ಹೋಯಿತು, ವಾಡಿ ಜಂಕ್ಷನ್ನಿಗೆ ಹೋಯಿತು, ಶಹಾಪುರದ ಬಸ್‌ಸ್ಟ್ಯಾಂಡಿನ ಸಿಸಿಟಿವಿ ನೋಡಿದರು, ಇಬ್ಬರು ಕಾನ್‌ಸ್ಟೆಬಲ್‌ಗಳು ಎರಡು ದಿನ ಪ್ಲಾಟ್‌ಫಾರ್ಮಿನ ಮೇಲೆ ಮಲಗಿದವರ ಮುಖಗಳನ್ನೆಲ್ಲ ಅಮರಪ್ಪನ ಆಧಾರ್ ಫೋಟೋದ ಜೊತೆ ಹೋಲಿಸಿದರು. ಯಾರೂ ಸೋಮಾರಿತನ ಮಾಡಲಿಲ್ಲ, ಎಲ್ಲರೂ ಬಹಳ ನಿಷ್ಠೆಯಿಂದ ತಪ್ಪು ದಿಕ್ಕಿನಲ್ಲಿ ಹುಡುಕಿದರು.

ಅಮರಪ್ಪ ಮಂಗಳವಾರ ಬೆಳಿಗ್ಗೆಯೇ ಸಿಕ್ಕಿದ್ದ. ಕಾಲುವೆಯ ದಂಡೆಯಲ್ಲಿ ಜಾಲಿಯ ಗಿಡಕ್ಕೆ ಒರಗಿ ಕೂತ ಹಾಗೇ ಜೀವ ಹೋಗಿತ್ತು. ಎದೆ ನಿಂತಿದೆ ಎಂದು ಡಾಕ್ಟರ್ ಬರೆದರು. ಕಿಸೆಯಲ್ಲಿ ಹೆಸರಿನ ಚೀಟಿಯಿಲ್ಲ, ಫೋನಿಲ್ಲ. ಆ ಕಡೆಯ ಠಾಣೆಯ ಕಾನ್‌ಸ್ಟೆಬಲ್ ವಿಶ್ವರಾಧ್ಯ ಸುತ್ತಲಿನ ನಾಲ್ಕು ಹಳ್ಳಿ ಕೇಳಿ ಬಂದ, ಫೋಟೋ ಅಂಟಿಸಿದ, ಶವವನ್ನು ಮೂರು ದಿನ ಇರಿಸಿದರು. ಕೋಟೆಗಲ್ಲಿಯ ಸಂದೇಶ ಅವನ ಠಾಣೆಗೂ ಬಂದಿತ್ತು, ಅವನು ಓದಿಯೂ ಇದ್ದ. ಹತ್ತು ವರ್ಷದ ಹಿಂದಿನ ಆಧಾರ್ ಫೋಟೋದಲ್ಲಿ ಮೀಸೆ ಇತ್ತು, ಶವಕ್ಕೆ ಇರಲಿಲ್ಲ. ನೀಲಿ ಅಂಗಿ ಊರಿಗೆ ನೂರು. ಕಾಗದದಲ್ಲಿ ಕಾಲುವೆಯ ದಂಡೆ ಎಂಬ ಎರಡು ಪದವಿದ್ದಿದ್ದರೆ ಆ ಕ್ಷಣವೇ ಫೋನು ಎತ್ತುತ್ತಿದ್ದೆ ಎಂದು ಅವನೇ ಆಮೇಲೆ ದೇವಿಂದ್ರನಿಗೆ ಹೇಳಿದ. ಶುಕ್ರವಾರ ಸಂಜೆ ವಾರಸುದಾರರಿಲ್ಲದ ಶವವೆಂದು ಸಾರ್ವಜನಿಕ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ವಿಶ್ವರಾಧ್ಯ ತಾನೇ ಒಂದು ತೆಂಗಿನಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಕಲ್ಲಿನ ಮೇಲೆ ನಂಬರು ಬರೆಸಿದ. ಸೋಮವಾರ ಜಿಲ್ಲೆಯ ಫೋಟೋಗಳ ಪಟ್ಟಿ ಬಂದಾಗ ಮುದುಕಮ್ಮನಿಗೆ ತೋರಿಸಿದರು. ಅವಳು ಬೆರಳಿಟ್ಟು, ಇವನೇ ಎಂದಳು. ಮಣ್ಣು ತೆಗೆಸಿ ತೋರಿಸಬಹುದು ಎಂದಾಗ, ಮಲಗಿದವನನ್ನು ಎಬ್ಬಿಸಬೇಡಿ ಎಂದುಬಿಟ್ಟಳು.

ಆಮೇಲಿನ ಕಥೆ ಇನ್ನೂ ಕೆಟ್ಟದು. ಫಿರ್ಯಾದಿಯ ಒಂದು ಪ್ರತಿಯನ್ನು ಫಿರ್ಯಾದಿದಾರರಿಗೆ ಪುಕ್ಕಟೆ ಕೊಡುವುದು ಕಾನೂನು, ಕೊಟ್ಟಿದ್ದರು. ದಿವಸದ ಕಾರ್ಯದ ದಿನ ಬಾಲರಾಜ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಅಣ್ಣ ನಿನ್ನ ಮನೆಗೇ ಹೊರಟಿದ್ದ ಎಂದು ಮುದುಕಮ್ಮ ಅತ್ತು ಅತ್ತು ಹೇಳಿದರೆ, ಸಾಯಬಮ್ಮ ಆ ಕಾಗದ ಹಿಡಿದು, ಹೇಳದೆ ಕೇಳದೆ ಹೋದ ಅಂತ ಇಲ್ಲಿದೆಯಲ್ಲ, ನಿನ್ನದೇ ಹೆಬ್ಬೆಟ್ಟಿದೆಯಲ್ಲ, ಜಗಳವಾಡಿ ಮನೆ ಬಿಡಿಸಿ ಈಗ ನನ್ನ ಹೆಸರು ಹೇಳುತ್ತೀಯಾ ಎಂದಳು. ಫೋನು ಮಾಡಿದ್ದೇನು ದೊಡ್ಡದು, ಕಾಣೆಯಾದವರನ್ನು ಎಲ್ಲ ನೆಂಟರ ಮನೆಯಲ್ಲೂ ಕೇಳುತ್ತಾರೆ, ಕಾಲುವೆ ನೂರು ಊರಿಗೆ ಹೋಗುತ್ತದೆ, ಅವನು ಯಾವ ಊರಿಗೆ ಹೊರಟಿದ್ದನೋ ಯಾರಿಗೆ ಗೊತ್ತು ಎಂದಳು. ಅಂದು ಹೋದವಳು ಮತ್ತೆ ರಂಗಂಪೇಟೆಗೆ ಬಂದಿಲ್ಲ. ಅಣ್ಣ ತನ್ನನ್ನು ಕರೆಯಲೆಂದೇ ಹೊರಟು ದಾರಿಯಲ್ಲಿ ಸತ್ತ ಎಂಬುದನ್ನು ತಂಗಿ ಇವತ್ತಿಗೂ ನಂಬಿಲ್ಲ. ಮುದುಕಮ್ಮ ರೇಷನ್ ಅಂಗಡಿಯ ಯಂತ್ರಕ್ಕೊಂದು ಬಿಟ್ಟರೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಶಪಥ ಮಾಡಿಕೊಂಡಳು.

ಇದೆಲ್ಲ ಕಿವಿಗೆ ಬಿದ್ದ ಮೇಲೆ ದೇವಿಂದ್ರನಿಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೂಡಲೇ ಎದ್ದನೆಂದಲ್ಲ, ಒಂದೂಮುಕ್ಕಾಲು ವರ್ಷ ಕೂತೇ ಇದ್ದ, ಯಾರೂ ಕೇಳಲಿಲ್ಲ, ಕಡತ ಮುಗಿದುಹೋಗಿತ್ತು. ಪ್ರತಿ ಸಲ ಆ ವಾಕ್ಯ ಟೈಪು ಮಾಡುವಾಗ ಬೆರಳು ತಡೆಯುತ್ತಿತ್ತು ಅಷ್ಟೆ. ಎರಡು ತಿಂಗಳ ಹಿಂದೆ ಹೊಸ ಪಿಎಸ್‌ಐ ಚಂದ್ರಕಲಾ ಮೇಡಂ ಹತ್ತಿರ ಹೋಗಿ, ನನ್ನನ್ನು ಬೀಟಿಗೆ ಹಾಕಿ, ರಂಗಂಪೇಟೆಯನ್ನೇ ಕೊಡಿ ಎಂದ. ಮಂಡ್ಯ ಕಡೆಯ ಹೆಣ್ಣುಮಗಳು, ಇಲ್ಲಿಯ ಮಾತು ಇನ್ನೂ ಅರ್ಧ ತಿಳಿಯದು. ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟು ಐವತ್ತಾರರ ವಯಸ್ಸಿನಲ್ಲಿ ಸುರಪುರದ ಬಿಸಿಲಿಗೆ ಬೀಳುತ್ತೇನೆನ್ನುವ ರೈಟರನ್ನು ಅವರು ಎಲ್ಲೂ ಕಂಡಿರಲಿಲ್ಲ. ಬಿಡದೆ ಕೇಳಿದರು, ಅವನು ಬಿಡದೆ ಹೇಳಿದ. ಮುದುಕಮ್ಮನಿಂದ ಒಂದು ಪೂರಕ ಹೇಳಿಕೆ ಪಡೆದು ಹಳೆಯ ಕಡತಕ್ಕೆ ಸೇರಿಸಬಹುದೇ ಎಂದೂ ಕೇಳಿದ.

“ಸೇರಿಸಬಹುದು ಕಣ್ರೀ,” ಎಂದರು ಮೇಡಂ. “ಆದ್ರೆ ತಪ್ಪು ಬರೆದೋರು ಯಾರು ಅಂತ ಮೇಲಿನೋರು ಕೇಳ್ತಾರೆ. ನಿಮ್ಮ ಮೇಲೆ ವಿಚಾರಣೆ ಬರಬಹುದು. ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ. ಯೋಚನೆ ಮಾಡಿ.”

ಅವನು ಯೋಚನೆ ಮಾಡಿದ. ಎಂಟು ವಾರ ಮಾಡಿದ.

ಒಂಬತ್ತನೆಯ ಬುಧವಾರವಾದ ಇವತ್ತು ಚಹಾದ ಲೋಟವನ್ನು ಮುಟ್ಟದೆ, ಮುದುಕಮ್ಮ ಹಿಟ್ಟಿನ ಉಂಡೆಯನ್ನು ಮರದ ಕೊಣಮಿಗೆಯಲ್ಲಿ ತಟ್ಟುತ್ತಿರುವುದನ್ನೇ ನೋಡುತ್ತ, ಅವನು ಶುರು ಮಾಡಿದ.

“ಅವ್ವಾ, ಅವತ್ತು ಠಾಣ್ಯಾಗ ಬರದಾಂವ ನಾನs.”

ಅವಳು ತಲೆ ಎತ್ತಲಿಲ್ಲ. “ಗೊತ್ತೈತಿ.”

“ಗೊತ್ತೈತಿ?”

“ಮಾರಿ ಕಂಡಿರಲಿಲ್ಲ, ಕಂಪ್ಯೂಟರ್ ಡಬ್ಬಿ ಅಡ್ಡ ಇತ್ತು. ದನಿ ಮರೀತೀನೇನ್ರಿ? ಮೊದಲ್ನೇ ದಿನಾನs ಗುರ್ತು ಹಿಡದೇನಿ. ಬರದಾವ್ರು ನೀವು. ಒತ್ತಿದಾಕಿ ನಾ. ಒತ್ತಬಾರದಿತ್ತು.” ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ ನೀರಿನ ಬಟ್ಟೆ ಸವರಿದಳು. “ನಾದನಿ ಹೋದ್ಳು. ಅದು ನನ್ನ ಕರ್ಮ. ಅದಕ್ಕ ನಿಮಗ ಬೈದ್ರ ಏನ್ ಬಂತು?”

ಇಲ್ಲಿಗೆ ಎದ್ದು ಹೋಗಬಹುದಿತ್ತು. ಕೇಳಬೇಕಾದ ಕ್ಷಮೆಯನ್ನು ಅವಳೇ ಅರ್ಧ ಕೊಟ್ಟಾಗಿತ್ತು, ಹೆಬ್ಬೆಟ್ಟೂ ಸಿಕ್ಕೀತೇನೋ, ಉಳಿದರ್ಧವನ್ನು ಮಾತ್ರ ನುಂಗಿಕೊಂಡರೆ ಆಯಿತು, ಲೋಕದಲ್ಲಿ ಅದನ್ನು ಬಲ್ಲವರು ಅವನು, ವಿಶ್ವರಾಧ್ಯ, ಮೇಡಂ ಮೂವರೇ. ದೇವಿಂದ್ರ ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟ.

“ನಾದನಿ ಅಷ್ಟs ಅಲ್ಲವ್ವಾ. ಇನ್ನೊಂದೈತಿ.”

ಅವನು ಹೇಳಿದ. ಅಡ್ಡ ಮಾತು, ಸುತ್ತು ಮಾತು ಇಲ್ಲದೆ, ‘ಸದರಿ’ ಎಂಬ ಪದ ಒಂದು ಸಲವೂ ಬರದ ಹಾಗೆ ಹೇಳಿದ. ನೀನು ಬುಧವಾರ ಮಧ್ಯಾಹ್ನ ಠಾಣೆಗೆ ಬಂದಾಗ ನಿನ್ನ ಗಂಡನ ದೇಹ ಮೂವತ್ತೈದು ಕಿಲೋಮೀಟರ್ ಆಚೆ ಆಸ್ಪತ್ರೆಯಲ್ಲಿತ್ತು, ಗುರುವಾರವೂ ಇತ್ತು, ಶುಕ್ರವಾರ ಸಂಜೆಯವರೆಗೂ ಇತ್ತು. ನೀನು ಹೇಳಿದ ಹಾಗೆ ನಾನು ಬರೆದಿದ್ದರೆ ಸಂದೇಶ ನೇರವಾಗಿ ಕಾಲುವೆಯ ಕಡೆಗೆ ಹೋಗುತ್ತಿತ್ತು. ನಾನು ಬರೆದ ಮಾತಿನಿಂದ ಅದು ರೈಲಿನ ಕಡೆಗೆ ಹೋಯಿತು.

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿ, ಅಂಚು ಕಪ್ಪಾಗಿ, ಮನೆಯೆಲ್ಲ ಸುಟ್ಟ ಜೋಳದ ವಾಸನೆ ತುಂಬಿತು. ಮುದುಕಮ್ಮ ಅದನ್ನು ತೆಗೆಯಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು:

“ಹಂಗಂದ್ರ ಬುಧವಾರ ಸಂಜಿಗೆ ನಾ ಅವನ ಮಾರಿ ನೋಡ್ತಿದ್ನೇನ್ರಿ?”

“ಹೌದವ್ವಾ.”

“ನೀರು ಹಾಕ್ತಿದ್ನಿ. ಗಂಗಾ ಬರ್ತಿದ್ಳು.”

“ಹೌದು.”

“ಇದನ್ನ ಎರಡು ವರ್ಷ ಇಟಗೊಂಡ್ರೇನು?”

ಅವಳು ಎದ್ದು ಹಂಚನ್ನು ಒಲೆಯಿಂದ ಇಳಿಸಿದಳು, ಒಲೆಗೆ ನೀರು ಚಿಮುಕಿಸಿದಳು, ಇನ್ನೂ ಮೂವತ್ತು ರೊಟ್ಟಿಯ ಹಿಟ್ಟು ಉಳಿದಿದ್ದರೂ ಪರಾತಕ್ಕೆ ಬಟ್ಟೆ ಮುಚ್ಚಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತು, ಈಗ ಹೋಗಿ ಎಂದಳು. ದೇವಿಂದ್ರ ಪೂರಕ ಹೇಳಿಕೆಯ ಮಾತೆತ್ತಲಿಲ್ಲ. ಎತ್ತುವ ಮುಖವಿರಲಿಲ್ಲ. ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊಸ್ತಿಲು ದಾಟಿ ಚಪ್ಪಡಿ ಕಲ್ಲಿನ ಮೇಲೆ ಬೂಟು ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಅವಳ ದನಿ ಬಂತು, ಅಳುವೂ ಇಲ್ಲ, ಸಿಟ್ಟೂ ಇಲ್ಲ, ಒಣಗಿದ ದನಿ.

“ನನಗ ಹೇಳಿದಂಗ ಸಾಯಬಮ್ಮನ ಮುಂದ ಹೇಳ್ತೀರೇನು?”

“ಹೇಳ್ತೀನಿ.”

“ಬಾಲರಾಜನ ಮುಂದ? ಓಣಿ ಮಂದಿ ಮುಂದ? ನಿಮ್ಮ ನೌಕರಿಗೆ ಏನರ ಆದೀತು, ನೋಡ್ರಿ. ಆಮ್ಯಾಲ ನಾ ಅಂದಿಲ್ಲ ಅನಬ್ಯಾಡ್ರಿ.”

“ಆದ್ರ ಆಗ್ಲಿ. ಹೇಳ್ತೀನಿ.”

“ಬುಧವಾರ ಬರ್ರಿ ಹಂಗಾರ. ನಾರಾಯಣಪುರದ ಬಸ್ಸು ಹತ್ತೂವರಿಗೆ ಬರ್ತದ. ನಾ ಕರದ್ರ ಆಕಿ ಬರಂಗಿಲ್ಲ. ಪೊಲೀಸ್ರು ಕರದಾರಂದ್ರ ಬರ್ತಾಳ, ನನ್ನ ಕೂಡ ಜಗಳಾಡಾಕಾದ್ರೂ ಬರ್ತಾಳ. ಆಕಿ ಕೇಳಿದ ಮ್ಯಾಲ ನಿಮ್ಮ ಕಾಗದದ ಮಾತು.”

ಬಾಗಿಲು ಹಾಕಿಕೊಂಡಿತು. ದೇವಿಂದ್ರ ಓಣಿಯ ತುದಿಯ ಬೇವಿನ ನೆರಳಿಗೆ ಬಂದು ಕಾಲುವೆ ಕಡೆಯ ಠಾಣೆಗೆ ಫೋನು ಹಚ್ಚಿ ವಿಶ್ವರಾಧ್ಯನನ್ನು ಕೇಳಿದ. ಸಾಯಬಮ್ಮನ ಊರು ವಿಶ್ವರಾಧ್ಯನ ಬೀಟಿನಲ್ಲೇ ಇತ್ತು, ನಾಳೆಯೇ ಆ ಕಡೆ ಹೋಗುವವನಿದ್ದ. ಬರುವ ಬುಧವಾರ ಮೊದಲ ಬಸ್ಸಿಗೆ ಗಂಡಹೆಂಡತಿ ಇಬ್ಬರನ್ನೂ ರಂಗಂಪೇಟೆಗೆ ಹತ್ತಿಸಬೇಕು ಎಂದು ದೇವಿಂದ್ರ ಕೇಳಿಕೊಂಡ.

“ಹತ್ತಸ್ತೀನಿ. ಯಾಕ ಅಂತ ಕೇಳಿದ್ರ ಏನ್ ಹೇಳ್ಲಿ?”

ದೇವಿಂದ್ರ ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡ.

“ತಪ್ಪು ಬರದ ಪೊಲೀಸ್ನವ ನಿನ್ನ ಕೂಡ ಮಾತಾಡ್ಬೇಕಂತಾನ ಅನ್ರಿ. ನಾ ಒಂಬತ್ತಕ್ಕs ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ.”